ನಡಿಗೆಗೂ ಒಂದು ಹೊತ್ತು

ಬೆಳಗಿನ ಆರೂವರೆಗೆ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೋ ಬೆಂಗಳೂರಿನ ಲಾಲ್‌ಬಾಗಿನಲ್ಲೋ ಒಂದು ಸುತ್ತು ಹಾಕಿ ನೋಡಿ. ಮಂಕಿ ಟೋಪಿ, ಕ್ಯಾನ್ವಾಸ್ ಶೂ, ಸೀರೆಯ ಮೇಲೊಂದು ಸ್ವೆಟರ್. ಮಾತಿಗಿಳಿದರೆ ಹತ್ತು ಹೆಜ್ಜೆಯೊಳಗೆ ಶುಗರಿನ ಸುದ್ದಿ ಬಂದೇ ಬರುತ್ತದೆ. ಯಾರಿಗೆ ಎಷ್ಟು ಫಾಸ್ಟಿಂಗ್, ಯಾರಿಗೆ ಉಂಡ ಮೇಲಿನ ಪಿಪಿ ಎಷ್ಟು, ಯಾರ ಮಾತ್ರೆ ಒಂದರಿಂದ ಎರಡಾಯಿತು. ಸುತ್ತು ಮುಗಿದ ಮೇಲೆ ಗುಂಪು ಹತ್ತಿರದ ದರ್ಶಿನಿಯತ್ತ ತಿರುಗುತ್ತದೆ. ಇಡ್ಲಿ, ವಡೆ, ಅರ್ಧರ್ಧ ಹಂಚಿಕೊಂಡ ಮಸಾಲೆ ದೋಸೆ, ಸಕ್ಕರೆ ಇಲ್ಲದ ಕಾಫಿ. ಅಲ್ಲಿಂದ ಸ್ಕೂಟರು, ಆಫೀಸಿನ ಕುರ್ಚಿ, ಸಂಜೆ ಸೋಫಾ. ಮಾರನೆಯ ದಿನ ಆರೂವರೆಯವರೆಗೆ ಕಾಲಿಗೆ ರಜೆ.

"ದಿನಾ ಒಂದು ಗಂಟೆ ವಾಕಿಂಗ್ ಮಾಡ್ತೀನಿ ಡಾಕ್ಟ್ರೇ, ಆದ್ರೂ ಊಟ ಆದ್ಮೇಲಿನ ಶುಗರ್ ಇಳೀತಾನೇ ಇಲ್ಲ" ಎನ್ನುವ ದೂರು ಕೇಳದ ಶುಗರ್ ಕ್ಲಿನಿಕ್ಕು ಕರ್ನಾಟಕದಲ್ಲಿ ಇರಲಾರದು. ದೂರುವವರು ಸುಳ್ಳು ಹೇಳುತ್ತಿಲ್ಲ. ಅವರು ನಡೆಯುತ್ತಿದ್ದಾರೆ, ನಿಷ್ಠೆಯಿಂದಲೇ ನಡೆಯುತ್ತಿದ್ದಾರೆ. ಎಷ್ಟು ಹೊತ್ತು ನಡೆಯಬೇಕೆಂದು ಎಲ್ಲರೂ ಹೇಳಿದ್ದಾರೆ; ಯಾವ ಹೊತ್ತಿನಲ್ಲಿ ಎಂದು ಹೇಳಿದವರು ಕಡಿಮೆ. ಮಾತ್ರೆಯ ಚೀಟಿಯಲ್ಲಿ 'ಊಟಕ್ಕೆ ಮೊದಲು', 'ಊಟದ ನಂತರ' ಎಂದು ಗುರುತು ಹಾಕುತ್ತಾರೆ. ನಡಿಗೆಗೆ ಆ ಗುರುತು ಯಾರೂ ಹಾಕುವುದಿಲ್ಲ.

ಇದು ಏಕೆ ಮುಖ್ಯವೆಂದು ತಿಳಿಯಲು ಒಂದು ಸಣ್ಣ ಲೆಕ್ಕ ಸಾಕು. ವಯಸ್ಕರ ಮೈಯಲ್ಲಿ ಹೆಚ್ಚುಕಡಿಮೆ 5 ಲೀಟರ್ ರಕ್ತ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ 100 ಮಿಲಿಲೀಟರಿಗೆ 100 ಮಿಲಿಗ್ರಾಂ ಗ್ಲುಕೋಸ್ ಇದ್ದರೆ, ಇಡೀ ರಕ್ತದಲ್ಲಿರುವುದು 5 ಗ್ರಾಂ. ಅಂದರೆ ಒಂದು ಟೀ ಚಮಚ ಸಕ್ಕರೆ. ಮೀಟರಿನಲ್ಲಿ 200 ಎಂದು ಕಂಡು ಎದೆ ಧಸಕ್ಕೆಂದಾಗ ರಕ್ತದಲ್ಲಿ ಇರುವುದು ಎರಡು ಚಮಚ. ಆರೋಗ್ಯಕ್ಕೂ ಕಾಯಿಲೆಗೂ ನಡುವೆ ಇಷ್ಟೇ ಅಂತರ, ಒಂದು ಚಮಚ.

ಈಗ ತಟ್ಟೆಯನ್ನು ನೋಡೋಣ. 100 ಗ್ರಾಂ ಅಕ್ಕಿಯ ಅನ್ನ ಎಂದರೆ ನಮ್ಮಲ್ಲಿ ಭಾರಿ ಊಟವೇನಲ್ಲ. ಸಾರಿಗೊಮ್ಮೆ, ಮಜ್ಜಿಗೆಗೊಮ್ಮೆ ಬಡಿಸಿಕೊಂಡರೆ ಮುಗಿಯಿತು. ಅದು ಜೀರ್ಣವಾದರೆ ಸುಮಾರು 75 ಗ್ರಾಂ ಗ್ಲುಕೋಸ್, ಹದಿನೈದು ಚಮಚ. ಮುದ್ದೆಯನ್ನು ಶುಗರಿನವರ ಅಮೃತವೆಂದು ನಂಬಿದವರಿಗೂ ಹೇಳಬೇಕಾದ್ದಿದೆ. 100 ಗ್ರಾಂ ರಾಗಿ ಹಿಟ್ಟಿನಲ್ಲೂ 70 ಗ್ರಾಂ ಆಸುಪಾಸಿನ ಪಿಷ್ಟ ಇದೆ. ನಾರು ಹೆಚ್ಚು, ಕ್ಯಾಲ್ಸಿಯಂ ಹೆಚ್ಚು, ಎಲ್ಲ ನಿಜ. ಆದರೆ ಎರಡು ದೊಡ್ಡ ಮುದ್ದೆ ನುಂಗಿದರೆ ರಕ್ತ ಅದನ್ನು ರಾಗಿ ಎಂದು ರಿಯಾಯಿತಿ ಕೊಟ್ಟು ಬಿಡುವುದಿಲ್ಲ.

ಒಂದು ಚಮಚ ಹಿಡಿಯುವ ಜಾಗಕ್ಕೆ ಎರಡು ಮೂರು ಗಂಟೆಗಳಲ್ಲಿ ಹದಿನೈದು ಚಮಚ ಬಂದು ಬೀಳುತ್ತದೆ. ಅದು ಅಲ್ಲೇ ನಿಂತರೆ ಮನುಷ್ಯ ಬದುಕುವುದಿಲ್ಲ, ಬಂದಷ್ಟೂ ಹೋಗುತ್ತಿರಬೇಕು. ಕೊಂಚ ಭಾಗವನ್ನು ಯಕೃತ್ತು ಇಟ್ಟುಕೊಳ್ಳುತ್ತದೆ, ಆದರೆ ಅದರ ಉಗ್ರಾಣ ಚಿಕ್ಕದು, 100 ಗ್ರಾಂ ಗ್ಲೈಕೋಜನ್ನಿಗೆ ತುಂಬಿಹೋಗುತ್ತದೆ. ದೊಡ್ಡ ಉಗ್ರಾಣ ಸ್ನಾಯುಗಳದು. ಮೈಯೆಲ್ಲ ಸೇರಿದರೆ 400 ಗ್ರಾಂವರೆಗೆ ಕೂಡಿಡಬಲ್ಲವು. ಅದರಲ್ಲೂ ತೊಡೆ, ಪೃಷ್ಠ, ಮೀನಖಂಡಗಳು ದೇಹದ ಅತಿ ದೊಡ್ಡ ಸ್ನಾಯುಗಳು. ನಡೆಯುವಾಗ ಕೆಲಸ ಮಾಡುವುದು ಇವೇ.

ಸ್ನಾಯುವಿನ ಒಳಗೆ ಗ್ಲುಕೋಸ್ ಹೋಗಬೇಕಾದರೆ ಗ್ಲುಟ್-4 ಎಂಬ ಪ್ರೋಟೀನು ಜೀವಕೋಶದ ಒಳಗಿನಿಂದ ಪೊರೆಯವರೆಗೆ ಬಂದು ದಾರಿ ಮಾಡಿಕೊಡಬೇಕು. ಅದನ್ನು ಹೊರಕ್ಕೆ ಕರೆಯುವುದು ಇನ್ಸುಲಿನ್ನಿನ ಕೆಲಸ. ಟೈಪ್-2 ಮಧುಮೇಹದಲ್ಲಿ ಕೆಡುವುದು ಇದೇ. ಇನ್ಸುಲಿನ್ ಬಂದು ಮುಂಬಾಗಿಲು ಎಷ್ಟು ಬಡಿದರೂ ಒಳಗಿನವರು ಕಿವಿಗೊಡುವುದಿಲ್ಲ. ಆದರೆ ಈ ಮನೆಗೊಂದು ಹಿತ್ತಲ ಬಾಗಿಲಿದೆ. ಸ್ನಾಯು ಕುಗ್ಗಿ ಹಿಗ್ಗತೊಡಗಿದರೆ ಅದು ತಾನಾಗಿಯೇ ತೆರೆದುಕೊಳ್ಳುತ್ತದೆ, ಇನ್ಸುಲಿನ್ನಿನ ಅಪ್ಪಣೆಗೆ ಕಾಯುವುದಿಲ್ಲ. ಇನ್ಸುಲಿನ್ನಿಗೆ ಸ್ಪಂದಿಸದ ಮಧುಮೇಹಿಯ ಸ್ನಾಯುವಿನಲ್ಲೂ ವ್ಯಾಯಾಮದ ವೇಳೆ ಗ್ಲುಟ್-4 ಸರಿಯಾಗಿಯೇ ಪೊರೆಗೆ ಬರುತ್ತದೆ ಎಂಬುದು 1990ರ ದಶಕದ ಕೊನೆಗೆ ಸ್ನಾಯುವಿನ ಚೂರು ತೆಗೆದು ಮಾಡಿದ ಪರೀಕ್ಷೆಗಳಲ್ಲಿ ಖಚಿತವಾಯಿತು. ಈ ಕಾಯಿಲೆಯ ಕುರಿತು ಇದಕ್ಕಿಂತ ಸಮಾಧಾನದ ಸಂಗತಿ ಇನ್ನೊಂದಿಲ್ಲವೆಂದು ನನಗನ್ನಿಸುತ್ತದೆ. ಕೆಟ್ಟದ್ದು ಕೆಟ್ಟಿರಲಿ, ಕೆಡದ ದಾರಿ ಒಂದು ಉಳಿದಿದೆ, ಮತ್ತು ಅದು ಪಾದದ ಅಳತೆಯಲ್ಲಿದೆ.

ಹಾಗಿದ್ದರೆ ಆ ಬಾಗಿಲು ತೆರೆದಿರಬೇಕಾದ್ದು ಯಾವಾಗ? ಬೀದಿಯಲ್ಲಿ ಹದಿನೈದು ಚಮಚ ಬಂದು ನಿಂತಾಗಲೋ, ಒಂದೇ ಚಮಚ ಇದ್ದಾಗಲೋ?

ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು ಕೇಳಿದ್ದು ಹೆಚ್ಚುಕಡಿಮೆ ಇದನ್ನೇ. ಟೈಪ್-2 ಮಧುಮೇಹವಿದ್ದ 41 ಮಂದಿಗೆ ಎರಡು ವಾರ 'ದಿನಕ್ಕೆ 30 ನಿಮಿಷ, ಯಾವಾಗ ಬೇಕಾದರೂ' ನಡೆಯಲು ಹೇಳಿದರು; ಇನ್ನೆರಡು ವಾರ 'ಮೂರು ಹೊತ್ತಿನ ಊಟದ ನಂತರ ಹತ್ತು ಹತ್ತು ನಿಮಿಷ'. ಒಟ್ಟು ನಡಿಗೆ ಅಷ್ಟೇ. 2016ರಲ್ಲಿ ಫಲಿತಾಂಶ ಪ್ರಕಟವಾಯಿತು: ಊಟದ ನಂತರ ನಡೆದಾಗ ಉಂಡ ಮೇಲಿನ ಗ್ಲುಕೋಸ್ ಏರಿಕೆ ಸರಾಸರಿ ಶೇ 12ರಷ್ಟು ಕಡಿಮೆ, ರಾತ್ರಿ ಊಟದ ನಂತರವಂತೂ ಶೇ 22ರಷ್ಟು ಕಡಿಮೆ. ಅದಕ್ಕೂ ಮೂರು ವರ್ಷ ಮೊದಲು ಅಮೆರಿಕದಲ್ಲಿ ಮಧುಮೇಹದ ಅಂಚಿನಲ್ಲಿದ್ದ ಹಿರಿಯರ ಮೇಲೆ ನಡೆದ ಸಣ್ಣ ಅಧ್ಯಯನದಲ್ಲೂ ಇದೇ ಕಂಡಿತ್ತು. ಬೆಳಗ್ಗೆಯೋ ಸಂಜೆಯೋ ಒಂದೇ ಬಾರಿಗೆ 45 ನಿಮಿಷ ನಡೆದುದಕ್ಕಿಂತ, ಪ್ರತಿ ಊಟದ ಬಳಿಕ 15 ನಿಮಿಷ ನಡೆದದ್ದು ರಾತ್ರಿಯ ಸಕ್ಕರೆಯನ್ನು ಚೆನ್ನಾಗಿ ಹಿಡಿದಿತ್ತು.

ರಾತ್ರಿ ಊಟದ ಮಾತು ನಮಗೆ ಹೆಚ್ಚು ಅನ್ವಯಿಸುತ್ತದೆ. ನಗರದ ಮನೆಗಳಲ್ಲಿ ದಿನದ ದೊಡ್ಡ ಊಟ ಈಗ ರಾತ್ರಿಯದೇ. ಟ್ರಾಫಿಕ್ಕಿನಲ್ಲಿ ಬೆಂದು ಮನೆ ಸೇರಿ, ಒಂಬತ್ತೂವರೆಗೆ ತಟ್ಟೆಗೆ ಕೂತು, ಧಾರಾವಾಹಿಯೋ ಸುದ್ದಿಯೋ ಮುಗಿಯುವಷ್ಟರಲ್ಲಿ ಎರಡನೆಯ ಸಲದ ಅನ್ನ, ಹತ್ತೂಕಾಲಿಗೆ ಹಾಸಿಗೆ. ಸಂಜೆಯ ಹೊತ್ತಿಗೆ ಇನ್ಸುಲಿನ್ನಿನ ಕೆಲಸ ಬೆಳಗಿನಷ್ಟು ಚುರುಕಾಗಿರುವುದಿಲ್ಲ. ಗ್ಲುಕೋಸ್ ತುದಿ ಮುಟ್ಟುವುದು ಉಂಡ ಒಂದು, ಒಂದೂವರೆ ಗಂಟೆಗೆ. ಅಷ್ಟರಲ್ಲಿ ಮನುಷ್ಯ ಗೊರಕೆ ಹೊಡೆಯುತ್ತಿರುತ್ತಾನೆ. ಬೆಳಗ್ಗೆ ಎದ್ದು ಫಾಸ್ಟಿಂಗ್ ನೋಡಿ 'ನಿನ್ನೆ ಸ್ವೀಟೇ ತಿಂದಿಲ್ಲವಲ್ಲ' ಎಂದು ಬೇಜಾರು ಮಾಡಿಕೊಳ್ಳುತ್ತಾನೆ.

ಮನೆಯಲ್ಲಿ ಒಬ್ಬರು ಮಾತ್ರ ಉಂಡ ಕೂಡಲೇ ಕೂರುವುದಿಲ್ಲ. ತಟ್ಟೆ ಎತ್ತಿ, ಮಿಕ್ಕಿದ್ದನ್ನು ಫ್ರಿಜ್ಜಿಗೆ ಸೇರಿಸಿ, ಪಾತ್ರೆ ಬೆಳಗಿ, ಒಲೆ ಒರೆಸಿ, ಹಾಲಿಗೆ ಹೆಪ್ಪು ಹಾಕುವವರು. ಆ ಅರ್ಧ ಗಂಟೆ ವಿಜ್ಞಾನದ ಲೆಕ್ಕದಲ್ಲಿ ವ್ಯರ್ಥವಲ್ಲ, ನಿಂತು ಓಡಾಡುವ ಲಘು ಚಟುವಟಿಕೆಗೂ ಸಕ್ಕರೆ ತಗ್ಗುತ್ತದೆ. ಹೆಂಗಸರು ಇನ್ನಷ್ಟು ದುಡಿಯಲಿ ಎಂದು ಇದರ ಅರ್ಥವಲ್ಲ. ಸೋಫಾದ ಮೇಲಿರುವ ಶುಗರಿನ ಯಜಮಾನರು ಪಾತ್ರೆಗೆ ಕೈ ಹಾಕಿದರೆ ಇಬ್ಬರಿಗೂ ಒಳ್ಳೆಯದು. ಒಬ್ಬರಿಗೆ ಸಕ್ಕರೆ ಇಳಿಯುತ್ತದೆ, ಇನ್ನೊಬ್ಬರಿಗೆ ರಕ್ತದೊತ್ತಡ.

ಉಂಡ ಎಷ್ಟು ಹೊತ್ತಿಗೆ ನಡೆಯಬೇಕು? ಕೈ ತೊಳೆದ ಹತ್ತು ಹದಿನೈದು ನಿಮಿಷಕ್ಕೆ ಹೊರಟರೂ ಸರಿ, ಗಂಟೆ ಮಾತ್ರ ದಾಟಬಾರದು. ವೇಗ ಬೇಕಿಲ್ಲ. ಊಟದ ಮೇಲೆ ನಡೆದರೆ ಜೀರ್ಣವಾಗುವುದಿಲ್ಲ ಎಂಬ ಹೆದರಿಕೆ ಓಟಕ್ಕೆ ಒಪ್ಪುತ್ತದೆ, ಆರಾಮದ ನಡಿಗೆಗಲ್ಲ. ಉಂಡು ನೂರು ಹೆಜ್ಜೆ ಹಾಕು ಎಂದು ಹಿರಿಯರು ಹೇಳುತ್ತಿದ್ದರು, ಬೆಳಗಾವಿ ಕಡೆ ಅದಕ್ಕೆ ಶತಪಾವಲಿ ಎನ್ನುತ್ತಾರೆ. ಹೊತ್ತನ್ನು ಅವರು ಸರಿಯಾಗಿಯೇ ಹಿಡಿದಿದ್ದರು. ಹೆಜ್ಜೆಯ ಲೆಕ್ಕ ಮಾತ್ರ ನೂರರ ಬದಲು ಸಾವಿರವಾಗಬೇಕು. ಒಂದು ಎಚ್ಚರಿಕೆ: ಹೊಟ್ಟೆ ತುಂಬಿದ ಮೇಲೆ ನಡೆದಾಗ ಎದೆ ಹಿಡಿದಂತಾದರೆ, ದವಡೆಗೋ ಎಡತೋಳಿಗೋ ನೋವು ಹರಿದರೆ ಅದನ್ನು ಗ್ಯಾಸ್ಟ್ರಿಕ್ ಎಂದು ತಳ್ಳಿಹಾಕಬಾರದು. ಮಧುಮೇಹಿಗಳ ಹೃದಯದ ತೊಂದರೆ ಎಷ್ಟೋ ಸಲ ಹೀಗೆಯೇ ಮೊದಲು ತಲೆ ಹಾಕುತ್ತದೆ.

ಇನ್ನು ಜಾಗದ ಪ್ರಶ್ನೆ. ರಾತ್ರಿ ಊಟದ ಮೇಲೆ ಎಲ್ಲಿ ನಡೆಯುವುದು? ಫುಟ್‌ಪಾತ್ ಎಂಬುದು ಬೈಕು ನಿಲ್ಲಿಸಲು, ಟ್ರಾನ್ಸ್‌ಫಾರ್ಮರ್ ಕೂರಿಸಲು, ಚಪ್ಪಡಿ ಕಿತ್ತಿಡಲು ಇರುವ ಜಾಗವಾಗಿದೆ. ಬೀದಿ ನಾಯಿಗಳಿಗೆ ಕತ್ತಲಾದ ಮೇಲೆ ಧೈರ್ಯ ಹೆಚ್ಚು. ಹೆಂಗಸರ ಅಳುಕು ಬೇರೆಯೇ. ಬೆಂಗಳೂರಿನ ಪಾಲಿಕೆ ಪಾರ್ಕುಗಳನ್ನು ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡುವ ತೀರ್ಮಾನ 2024ರಲ್ಲಿ ಆಯಿತು. ಶುಗರಿನವರ ಮಟ್ಟಿಗೆ ಇದು ಔಷಧ ಅಂಗಡಿ ತೆರೆದಷ್ಟೇ ಉಪಯುಕ್ತ, ದೀಪ ಉರಿಯುತ್ತಿದ್ದರೆ. ಪಾರ್ಕು ಇಲ್ಲದವರಿಗೆ ತಾರಸಿ ಇದೆ, ಅಪಾರ್ಟ್‌ಮೆಂಟಿನ ನೆಲಮಾಳಿಗೆ ಇದೆ, ಹಜಾರದಿಂದ ಅಡುಗೆಮನೆಗೆ ಹೋಗಿ ಬರುವ ದಾರಿಯಿದೆ. ಮನೆಯೊಳಗೆ ಫೋನಿನಲ್ಲಿ ಮಾತಾಡುತ್ತ ಓಡಾಡುವ ಹದಿನೈದು ನಿಮಿಷವನ್ನೂ ಸ್ನಾಯುಗಳು ನಡಿಗೆಯೆಂದೇ ಪರಿಗಣಿಸುತ್ತವೆ. ತೊಡೆಗೆ ಲಾಲ್‌ಬಾಗೇ ಬೇಕೆಂಬ ಹಟವಿಲ್ಲ.

ಕುರ್ಚಿಯ ಕೆಲಸದವರಿಗೆ ಇನ್ನೊಂದು ದಾರಿಯಿದೆ. ಮೆಲ್ಬರ್ನಿನ ಸಂಶೋಧಕರು ಟೈಪ್-2 ಇರುವ 24 ಮಂದಿಯನ್ನು ಒಂದು ದಿನ ಎಡೆಬಿಡದೆ ಕೂರಿಸಿದರು, ಮತ್ತೊಂದು ದಿನ ಪ್ರತಿ ಅರ್ಧ ಗಂಟೆಗೊಮ್ಮೆ ಎಬ್ಬಿಸಿ ಮೂರು ನಿಮಿಷ ಮೆಲ್ಲಗೆ ನಡೆಸಿದರು. ಎದ್ದು ಎದ್ದು ಕೂತ ದಿನ ಊಟದ ಮೇಲಿನ ಗ್ಲುಕೋಸೂ ಇನ್ಸುಲಿನ್ನೂ ಗಣನೀಯವಾಗಿ ತಗ್ಗಿದ್ದವು. ಬ್ಯಾಂಕು, ತಾಲ್ಲೂಕು ಕಚೇರಿ, ಐಟಿ ಕಂಪನಿ, ಎಲ್ಲಿಯೇ ಆಗಲಿ, ನೀರಿನ ಬಾಟಲಿಯನ್ನು ಮೇಜಿನ ಮೇಲಿಡದೆ ದೂರದಲ್ಲಿಟ್ಟರೆ ಅರ್ಧ ಕೆಲಸ ಆಯಿತು.

ಇಷ್ಟು ಹೇಳಿದ ಮೇಲೆ ಬೆಳಗಿನ ವಾಕಿಂಗಿನ ಪರವಾಗಿಯೂ ಮಾತಾಡಬೇಕು, ಇಲ್ಲದಿದ್ದರೆ ಕುಕ್ಕರಹಳ್ಳಿ ಕೆರೆಯ ಮಂದಿ ನನ್ನನ್ನು ಏರಿ ಹತ್ತಲು ಬಿಡಲಾರರು. ಚುರುಕಿನ ನಡಿಗೆಯ ಗುಣ ಆ ಹೊತ್ತಿಗಷ್ಟೇ ಮುಗಿಯುವುದಿಲ್ಲ. ಒಮ್ಮೆ ಚೆನ್ನಾಗಿ ನಡೆದರೆ ಮುಂದಿನ ಒಂದರಿಂದ ಮೂರು ದಿನ ಸ್ನಾಯುಗಳು ಇನ್ಸುಲಿನ್ನಿನ ಮಾತನ್ನು ಕೊಂಚ ಹೆಚ್ಚು ಕೇಳುತ್ತವೆ. ವಾರಕ್ಕೆ 150 ನಿಮಿಷ ಮತ್ತು ಸತತ ಎರಡು ದಿನಕ್ಕಿಂತ ಹೆಚ್ಚು ಬಿಡುವು ಬೇಡ ಎಂಬ ವೈದ್ಯರ ಸಲಹೆಗೆ ಆಧಾರ ಇದೇ. ಭಾನುವಾರ ಒಂದೇ ದಿನ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ ವಾರವಿಡೀ ಕೂರುವವರ ಲೆಕ್ಕ ಇದರಿಂದಲೇ ತಪ್ಪುತ್ತದೆ. ಹೃದಯ, ರಕ್ತದೊತ್ತಡ, ನಿದ್ದೆ, ಮನಸ್ಸು ಎಲ್ಲಕ್ಕೂ ಬೆಳಗಿನ ಬಿರುಸು ನಡಿಗೆ ಒಳ್ಳೆಯದೇ. ಅದು ಇರಲಿ. ನನ್ನ ತಕರಾರು ಅಲ್ಲಿಗೆ ದಿನದ ಋಣ ತೀರಿತು ಎಂದುಕೊಳ್ಳುವುದರ ಬಗ್ಗೆ ಮಾತ್ರ. ದೋಸೆಯನ್ನು ಬಿಡಲಾರದವರು ಕೊನೆಯ ಸುತ್ತನ್ನು ದೋಸೆಯ ನಂತರಕ್ಕೆ ಉಳಿಸಿಕೊಳ್ಳಬಹುದಲ್ಲ.

ಬಿರುಸು ಎಂದರೆ ಎಷ್ಟು? ಮಾತಾಡಲು ಆಗಬೇಕು, ಹಾಡಲು ಆಗಬಾರದು. ಎಣಿಸುವವರಿಗೆ ನಿಮಿಷಕ್ಕೆ 100 ಹೆಜ್ಜೆ. ರಾಜಕೀಯ ಚರ್ಚಿಸುತ್ತ, ಬಿಸಿಯೇರಿದಾಗ ದಾರಿಯ ನಡುವೆ ನಿಂತು ಕೈಯಾಡಿಸುತ್ತ ಸಾಗುವ ಗುಂಪುಗಳು ಈ ಪರೀಕ್ಷೆಯಲ್ಲಿ ಪಾಸಾಗುವುದು ಕಷ್ಟ. ಒಂದು ಗಂಟೆ ಬಿರುಸಾಗಿ ನಡೆಯಲು ಆಗದವರಿಗೆ ಜಪಾನಿನ ಮಾತ್ಸುಮೊತೊ ಊರಿನ ಶಿನ್ಶು ವಿಶ್ವವಿದ್ಯಾಲಯ ರೂಢಿಗೆ ತಂದ ಉಪಾಯವಿದೆ: ಮೂರು ನಿಮಿಷ ಜೋರು, ಮೂರು ನಿಮಿಷ ನಿಧಾನ, ಮತ್ತೆ ಜೋರು. ಡೆನ್ಮಾರ್ಕಿನಲ್ಲಿ ಇದನ್ನು ಟೈಪ್-2 ಮಧುಮೇಹಿಗಳ ಮೇಲೆ ನಾಲ್ಕು ತಿಂಗಳು ಪ್ರಯೋಗಿಸಿದಾಗ, ಒಂದೇ ವೇಗದಲ್ಲಿ ಅಷ್ಟೇ ಹೊತ್ತು ನಡೆದವರಿಗಿಂತ ಇವರ ಸಕ್ಕರೆ ಹೆಚ್ಚು ಹಿಡಿತಕ್ಕೆ ಬಂತು.

ಹತ್ತು ಸಾವಿರ ಹೆಜ್ಜೆಯ ವ್ರತ ಹಿಡಿದವರಿಗೂ ಒಂದು ಮಾತು. ಆ ಸಂಖ್ಯೆ ಹುಟ್ಟಿದ್ದು ಪ್ರಯೋಗಾಲಯದಲ್ಲಲ್ಲ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮಾರನೆಯ ವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರುಕಟ್ಟೆಗೆ ಬಿಟ್ಟಾಗ ಇಟ್ಟ ಹೆಸರು 'ಮಾನ್‌ಪೊ-ಕೆಯ್', ಹತ್ತು ಸಾವಿರ ಹೆಜ್ಜೆಯ ಮೀಟರು. ಹೆಸರು ಕೇಳಲು ಚೆನ್ನಾಗಿತ್ತು, ಜಗತ್ತೇ ನಂಬಿತು. 2019ರಲ್ಲಿ ಪ್ರಕಟವಾದ, ಸರಾಸರಿ 72 ವರ್ಷದ ಹದಿನಾರು ಸಾವಿರಕ್ಕೂ ಹೆಚ್ಚು ಅಮೆರಿಕನ್ ಮಹಿಳೆಯರ ಅಧ್ಯಯನದಲ್ಲಿ ದಿನಕ್ಕೆ 2,700 ಹೆಜ್ಜೆ ನಡೆಯುತ್ತಿದ್ದವರಿಗಿಂತ 4,400 ನಡೆಯುತ್ತಿದ್ದವರಲ್ಲಿ ಸಾವಿನ ಪ್ರಮಾಣ ಶೇ 41ರಷ್ಟು ಕಡಿಮೆಯಿತ್ತು. 7,500ರ ಆಚೆಗೆ ಲಾಭ ಹೆಚ್ಚೇನೂ ಏರಲಿಲ್ಲ. ಮಲಗುವ ಮುನ್ನ ಮಣಿಕಟ್ಟಿನ ಗಡಿಯಾರವನ್ನು ತೃಪ್ತಿಪಡಿಸಲು ಹಾಸಿಗೆಯ ಸುತ್ತ ಪ್ರದಕ್ಷಿಣೆ ಹಾಕುವವರು ನಿಶ್ಚಿಂತೆಯಿಂದ ಮಲಗಬಹುದು.

ನಡಿಗೆಯನ್ನು ಈ ಕಾಯಿಲೆಗೆ ಮದ್ದೆಂದು ಬರೆದವರಲ್ಲಿ ಬಹಳ ಹಳಬ ನಮ್ಮ ಸುಶ್ರುತನೇ. ಮಧುಮೇಹವನ್ನೂ ಒಳಗೊಂಡ ಪ್ರಮೇಹದಲ್ಲಿ ಹುಟ್ಟಿನಿಂದ ಬರುವುದು, ಅಪಥ್ಯದಿಂದ ಬರುವುದು ಎಂದು ಅವನು ಎರಡು ಬಗೆ ಮಾಡುತ್ತಾನೆ. ಮೊದಲನೆಯವನು ಕೃಶ, ಎರಡನೆಯವನು ಸ್ಥೂಲ, ಹೆಚ್ಚು ತಿನ್ನುವವನು, ಹಾಸಿಗೆ ಆಸನಗಳನ್ನು ಬಿಟ್ಟೇಳದವನು. ಇಂದಿನ ಟೈಪ್-1, ಟೈಪ್-2ಕ್ಕೆ ಇದನ್ನು ನೇರ ಜೋಡಿಸುವುದು ದುಡುಕಾದೀತು, ಆದರೂ ಕಣ್ಣು ಸೂಕ್ಷ್ಮವಾಗಿತ್ತು. ದಿಕ್ಕಿಲ್ಲದ ಬಡ ರೋಗಿಗೆ ಅವನ ಚಿಕಿತ್ಸೆ ಹೀಗಿದೆ: ಚಪ್ಪಲಿ ಕೊಡೆಗಳಿಲ್ಲದೆ, ಭಿಕ್ಷೆಯನ್ನು ಉಣ್ಣುತ್ತ, ಒಂದೂರಿನಲ್ಲಿ ಒಂದೇ ರಾತ್ರಿ ತಂಗುತ್ತ, ಮುನಿಯಂತೆ ಸಂಯಮದಿಂದ ನೂರು ಯೋಜನವೋ ಇನ್ನೂ ಹೆಚ್ಚೋ ನಡೆಯಬೇಕು. ಇಲ್ಲವೇ ದನಗಳ ಹಿಂದೆ ಅಲೆಯಬೇಕು, ಬಾವಿ ತೋಡಬೇಕು. ಯೋಜನದ ಅಳತೆ ಒಬ್ಬೊಬ್ಬರದು ಒಂದೊಂದು. ಕಡಿಮೆಯೆಂದೇ ಹಿಡಿದರೂ ಎಂಟುನೂರು ಕಿಲೋಮೀಟರಿಗೆ ಮೋಸವಿಲ್ಲ, ಬೀದರಿನಿಂದ ಚಾಮರಾಜನಗರಕ್ಕೆ ನಡೆದುಬಿಟ್ಟಂತೆ. ತಿರುಪೆ ಎತ್ತಿ ಉಂಡರೆ ಎರಡನೆಯ ಸಲ ಬಡಿಸುವವರೂ ಇರುವುದಿಲ್ಲ, ಪಥ್ಯವೂ ತಾನಾಗಿಯೇ ಆಗುತ್ತದೆ. ಎಲ್ಲ ಸರಿ, ಆ ಬರಿಗಾಲೊಂದು ಬಿಟ್ಟು. ಅದಕ್ಕೆ ಆಮೇಲೆ ಬರುತ್ತೇನೆ.

ಇನ್ಸುಲಿನ್ ಮೊದಲ ಬಾರಿಗೆ ರೋಗಿಯ ಮೈಗೆ ಸೇರಿದ್ದು 1922ರ ಜನವರಿಯಲ್ಲಿ, ಕೆನಡಾದ ಟೊರೊಂಟೊದಲ್ಲಿ. ಅದರ ನಂತರವೂ ಬಾಸ್ಟನ್ನಿನ ವೈದ್ಯ ಎಲಿಯಟ್ ಜಾಸ್ಲಿನ್ ಮಧುಮೇಹದ ಚಿಕಿತ್ಸೆಯನ್ನು ಮೂರು ಕುದುರೆಯ ರಥವೆನ್ನುತ್ತಿದ್ದ: ಪಥ್ಯ, ಇನ್ಸುಲಿನ್, ವ್ಯಾಯಾಮ. ಔಷಧ ಕಂಪನಿಗಳು ಬೆಳೆದಂತೆ ಮೂರನೆಯ ಕುದುರೆಗೆ ಹುಲ್ಲು ಹಾಕುವವರು ಕಡಿಮೆಯಾದರು. ಅದಕ್ಕೆ ಮತ್ತೆ ಗೌರವ ತಂದುಕೊಟ್ಟದ್ದು ಚೀನಾದ ಎಣ್ಣೆ ಬಾವಿಗಳ ಊರು ದಾಚಿಂಗ್. 1986ರಲ್ಲಿ ಅಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ತಪಾಸಿಸಿ, ಮಧುಮೇಹದ ಹೊಸ್ತಿಲಲ್ಲಿದ್ದ 577 ಮಂದಿಯನ್ನು ಆರಿಸಿಕೊಂಡರು. ವ್ಯಾಯಾಮದ ಗುಂಪಿಗೆ ಕೊಟ್ಟ ಚೀಟಿ ಸರಳವಾಗಿತ್ತು: ದಿನಕ್ಕೆ ಒಂದು 'ಯೂನಿಟ್' ಹೆಚ್ಚಿಸಿ, ಒಂದು ಯೂನಿಟ್ ಎಂದರೆ ಅರ್ಧ ಗಂಟೆ ನಿಧಾನ ನಡಿಗೆ ಅಥವಾ ಇಪ್ಪತ್ತು ನಿಮಿಷ ಬಿರುಸು ನಡಿಗೆ. ಆರು ವರ್ಷಗಳಲ್ಲಿ ಏನೂ ಮಾಡದವರಲ್ಲಿ ಶೇ 67.7 ಮಂದಿಗೆ ಕಾಯಿಲೆ ಬಂತು, ವ್ಯಾಯಾಮದವರಲ್ಲಿ ಶೇ 41.1 ಮಂದಿಗೆ. ಬಳಿಕ ಫಿನ್ಲೆಂಡಿನಲ್ಲೂ ಅಮೆರಿಕದಲ್ಲೂ ಪಥ್ಯ ಮತ್ತು ನಡಿಗೆ ಸೇರಿ ಅಪಾಯವನ್ನು ಶೇ 58ರಷ್ಟು ತಗ್ಗಿಸಿದವು. ಅಮೆರಿಕದ ಪ್ರಯೋಗದಲ್ಲಿ ಮೆಟ್‌ಫಾರ್ಮಿನ್ ಮಾತ್ರೆಗೆ ಸಾಧ್ಯವಾದದ್ದು ಶೇ 31.

ನಮಗೆ ಇನ್ನೂ ಹತ್ತಿರದ್ದು ಚೆನ್ನೈನ ಪ್ರಯೋಗ. ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು 531 ಮಂದಿಯನ್ನು ಸುಮಾರು ಮೂರು ವರ್ಷ ಹಿಂಬಾಲಿಸಿ 2006ರಲ್ಲಿ ವರದಿ ಮಾಡಿದರು. ಸುಮ್ಮನೆ ಬಿಟ್ಟವರಲ್ಲಿ ಶೇ 55 ಮಂದಿಗೆ ಮಧುಮೇಹ ಬಂದರೆ, ಊಟ ತಿದ್ದಿಕೊಂಡು ದಿನಕ್ಕೆ ಅರ್ಧ ಗಂಟೆ ಚುರುಕಾಗಿ ನಡೆದವರಲ್ಲಿ ಶೇ 39 ಮಂದಿಗೆ. ಇದರಲ್ಲಿ ನನಗೆ ಹಿಡಿಸಿದ ವಿಷಯ ಬೇರೆ. ಅವರ ತೂಕ ಹೇಳಿಕೊಳ್ಳುವಷ್ಟು ಇಳಿಯಲೇ ಇಲ್ಲ. ತೂಕ ಕದಲದಿದ್ದರೂ ನಡಿಗೆ ಒಳಗೊಳಗೇ ಕೆಲಸ ಮಾಡಿತ್ತು. 'ತಿಂಗಳಿಂದ ನಡೀತಿದೀನಿ, ಅರ್ಧ ಕೆಜಿನೂ ಕಡಿಮೆ ಆಗಿಲ್ಲ' ಎಂದು ಶೂ ಮೂಲೆಗೆಸೆಯುವವರು ತಕ್ಕಡಿಯ ಬದಲು ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ವರದಿಯನ್ನು ನೋಡಬೇಕು.

ತೂಕದ ಮಾತು ಬಂದದ್ದರಿಂದ ಒಂದು ಫೋಟೊ ನೆನಪಾಗುತ್ತದೆ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ಅಕ್ಕಪಕ್ಕ ನಿಂತ ಚಿತ್ರ 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಅಚ್ಚಾಯಿತು. ಇಬ್ಬರ ಬಿಎಂಐ ಕೂಡ 22.3. ಆದರೆ ಯುಡ್ಕಿನ್ನರ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕರ ಮೈಯಲ್ಲಿ ಶೇ 21.2. ಸಣಕಲಾಗಿ ಕಂಡರೂ ಒಳಗೆ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ. ಭಾರತೀಯರ ಮೈಕಟ್ಟು ಸಾಮಾನ್ಯವಾಗಿ ಇದು. ಉಗ್ರಾಣವೇ ಚಿಕ್ಕದಾದರೆ ಹದಿನೈದು ಚಮಚ ಇಡುವುದೆಲ್ಲಿ? ಹಾಗಾಗಿ ನಡಿಗೆಯೊಂದೇ ನಮಗೆ ಸಾಲದು. ವಾರಕ್ಕೆರಡು ದಿನವಾದರೂ ಸ್ನಾಯು ಬೆಳೆಸುವ ಕೆಲಸ ಬೇಕು: ಬಸ್ಕಿ, ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು, ಗೋಡೆಗೆ ಕೈಯಿಟ್ಟು ದಂಡ, ಮೆಟ್ಟಿಲು. ಗರಡಿಮನೆಯ ನಾಡಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿ ಬಂದದ್ದೇ ವಿಚಿತ್ರ.

ದೇಶದ ಲೆಕ್ಕ ಗೊತ್ತಿರುವಂಥದ್ದೇ. ಐಸಿಎಂಆರ್-ಇಂಡಿಯಾಬ್ ಸಮೀಕ್ಷೆ 2023ರಲ್ಲಿ ಕೊಟ್ಟ ಅಂದಾಜು: 10.1 ಕೋಟಿ ಮಧುಮೇಹಿಗಳು, 13.6 ಕೋಟಿ ಹೊಸ್ತಿಲಲ್ಲಿರುವವರು. ಇದೇ ಸಮೀಕ್ಷೆಯ ಮೊದಲ ಹಂತದಲ್ಲಿ, ಕರ್ನಾಟಕ ಇನ್ನೂ ಸೇರಿರದ ನಾಲ್ಕು ಕಡೆ, ಶೇ 54 ಮಂದಿಯ ದೈಹಿಕ ಚಟುವಟಿಕೆ ಸಾಲದೆಂದು ಕಂಡಿತ್ತು. ಬಿಡುವಿನಲ್ಲಿ ವ್ಯಾಯಾಮ ಮಾಡುವವರು ಶೇ 10ಕ್ಕೂ ಕಡಿಮೆ. ಪಾರ್ಕಿನಲ್ಲಿ ಕಾಣುವ ಜಾತ್ರೆ ಆ ಹತ್ತರೊಳಗಿನದು.

ನಡಿಗೆ ಎಲ್ಲರಿಗೂ ನಿರಪಾಯ ಎಂದು ಹೇಳಿ ಮುಗಿಸುವ ಹಾಗಿಲ್ಲ. ಇನ್ಸುಲಿನ್ ಚುಚ್ಚಿಕೊಳ್ಳುವವರು ಮತ್ತು ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್, ಗ್ಲಿಕ್ಲಜೈಡ್ ಜಾತಿಯ ಮಾತ್ರೆ ನುಂಗುವವರು ಖಾಲಿ ಹೊಟ್ಟೆಯಲ್ಲಿ ದೂರ ನಡೆದರೆ ಸಕ್ಕರೆ ತೀರಾ ಕೆಳಗಿಳಿಯಬಹುದು. ಬೆವರು, ಕೈ ನಡುಕ, ಎದೆ ಡವಡವ, ಕಣ್ಣು ಮಂಜು, ಕಾರಣವಿಲ್ಲದ ಸಿಟ್ಟು. ಮೀಟರಿನಲ್ಲಿ 70ಕ್ಕಿಂತ ಕಡಿಮೆ. ಬಿಪಿಗೆ ಬೀಟಾ ಬ್ಲಾಕರ್ ತೆಗೆದುಕೊಳ್ಳುವವರಲ್ಲಿ ನಡುಕ, ಡವಡವ ಗೊತ್ತೇ ಆಗದಿರಬಹುದು. ಜೇಬಿನಲ್ಲಿ ಗ್ಲುಕೋಸ್ ಪುಡಿಯೋ ಮೂರು ಚಮಚ ಸಕ್ಕರೆಯ ಪೊಟ್ಟಣವೋ ಇರಲಿ. ಚಾಕೊಲೇಟ್ ಬೇಡ, ಅದರ ಕೊಬ್ಬು ಸಕ್ಕರೆಯನ್ನು ತಡಮಾಡುತ್ತದೆ. ತೊಡೆಗೆ ಇನ್ಸುಲಿನ್ ಚುಚ್ಚಿಕೊಂಡ ಕೂಡಲೇ ಬಿರುಸಾಗಿ ನಡೆದರೆ ಅದು ಬೇಗ ರಕ್ತಕ್ಕೆ ಸೇರುತ್ತದೆ. ನಡೆಯುವ ಹೊತ್ತಿಗೆ ಹೊಟ್ಟೆಯ ಮೇಲೆ ಚುಚ್ಚಿಕೊಳ್ಳುವುದು ವಾಸಿ. ಬರೀ ಮೆಟ್‌ಫಾರ್ಮಿನ್ ನುಂಗುವವರಿಗೆ ಈ ಭಯ ಅಷ್ಟಾಗಿ ಇಲ್ಲ. ತದ್ವಿರುದ್ಧವೂ ಇದೆ: ಟೈಪ್-1ನವರು ಸಕ್ಕರೆ 250 ದಾಟಿ ಮೂತ್ರದಲ್ಲಿ ಕೀಟೋನ್ ಇದ್ದಾಗ ನಡೆಯಲು ಹೊರಡಬಾರದು, ಇನ್ನಷ್ಟು ಏರುತ್ತದೆ.

ಈಗ ಬರಿಗಾಲಿಗೆ ಬರೋಣ. ಬೆಳಗಿನ ಇಬ್ಬನಿಯ ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆದರೆ ಶುಗರ್ ಹೋಗುತ್ತದೆ ಎಂಬ ವಾಟ್ಸ್‌ಆ್ಯಪ್ ಉಪದೇಶ ಎಲ್ಲರಿಗೂ ಬಂದಿದೆ. ಪಾರ್ಕುಗಳಲ್ಲಿ ಗುಂಡುಕಲ್ಲು ಹಾಸಿದ ಅಕ್ಯುಪ್ರೆಷರ್ ದಾರಿಗಳಿವೆ, ಮುಳ್ಳುಮುಳ್ಳಾದ ಚಪ್ಪಲಿಗಳೂ ಸಿಗುತ್ತವೆ. ಹಲವು ವರ್ಷದ ಸಕ್ಕರೆ ಕಾಯಿಲೆ ಪಾದದ ನರಗಳನ್ನು ತಿಂದಿದ್ದರೆ ಇವು ಅಪಾಯದ ಆಟ. ಮೊಳೆ ಹೊಕ್ಕರೂ, ಗಾಜು ಸೀಳಿದರೂ ತಿಳಿಯುವುದಿಲ್ಲ. ನೋವಿಲ್ಲವೆಂದು ನಡೆಯುತ್ತಲೇ ಇರುತ್ತಾರೆ, ನೆಲಕ್ಕೆ ಅಂಟಿದ ರಕ್ತವೇ ಮೊದಲು ಸುದ್ದಿ ಹೇಳುತ್ತದೆ. ಬೇಸಿಗೆಯ ಮಧ್ಯಾಹ್ನ ದೇವಸ್ಥಾನದ ಕಲ್ಲು ಹಾಸಿನ ಮೇಲೆ ಪ್ರದಕ್ಷಿಣೆ ಹಾಕಿ ಅಂಗಾಲಿಗೆ ಬೊಬ್ಬೆ ಎದ್ದದ್ದು ರಾತ್ರಿ ಮಲಗುವಾಗ ಕಂಡವರಿದ್ದಾರೆ. ಶಿವರಾತ್ರಿಗೆ ಧರ್ಮಸ್ಥಳಕ್ಕೆ, ಯುಗಾದಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವ ಮಧುಮೇಹಿ ಭಕ್ತರು ಹರಕೆಗೆ ಮುನ್ನ ಪಾದವನ್ನು ವೈದ್ಯರಿಗೆ ತೋರಿಸಬೇಕು. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಮುಟ್ಟಿಸುತ್ತಾರೆ. ಕಣ್ಣು ಮುಚ್ಚಿ ಕೂತವರಿಗೆ ಅದು ತಿಳಿಯದಿದ್ದರೆ ಬರಿಗಾಲಿನ ಹರಕೆ ಅಲ್ಲಿಗೇ ನಿಲ್ಲಬೇಕು. ದೇವರು ಚಪ್ಪಲಿಗೆ ಸಿಟ್ಟಾಗಲಾರ.

ನರ ಸೋತವರು ನಡೆಯಲೇಬಾರದು ಎಂಬ ಕಾಲವೂ ಇತ್ತು. 2008ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ಪಾದದ ಸ್ಪರ್ಶ ಕುಂದಿದ್ದ 79 ಮಂದಿಯ ಪೈಕಿ ನಡಿಗೆಯ ಗುಂಪಿನವರಿಗೆ ಹುಣ್ಣು ಹೆಚ್ಚೇನೂ ಆಗಲಿಲ್ಲ. ಹಾಗಾಗಿ ಹುಣ್ಣಿಲ್ಲದಿದ್ದರೆ ನಡೆಯಬಹುದು, ಸರಿಯಾದ ಪಾದರಕ್ಷೆಯೊಂದಿಗೆ. ಎಂಸಿಆರ್ ಚಪ್ಪಲಿ ಎಂದು ನಾವು ಕರೆಯುವ ಮೆತ್ತನೆಯ ಸಣ್ಣರಂಧ್ರದ ರಬ್ಬರಿನ ಪಾದರಕ್ಷೆ ರೂಢಿಗೆ ಬಂದದ್ದು ವೆಲ್ಲೂರಿನಲ್ಲಿ, ಕುಷ್ಠರೋಗಿಗಳ ಪಾದ ಉಳಿಸಲು ಡಾ. ಪಾಲ್ ಬ್ರ್ಯಾಂಡ್ ಮತ್ತು ಜೊತೆಗಾರರು ಪಟ್ಟ ಪಾಡಿನಿಂದ. ಅದೇ ಇಂದು ಮಧುಮೇಹಿಗಳಿಗೂ ಬಂದಿದೆ. ಹಿಂಬದಿ ಪಟ್ಟಿ ಇರಲಿ. ಹೊಸ ಚಪ್ಪಲಿ, ಶೂಗಳನ್ನು ಸಂಜೆ ಕೊಳ್ಳಬೇಕು, ಆಗ ಪಾದ ಕೊಂಚ ಊದಿರುತ್ತದೆ. ಹಾಕುವ ಮುನ್ನ ಒಳಗೆ ಕೈಯಾಡಿಸಿ, ಹರಳು, ಕಿತ್ತ ಮೊಳೆ ಇದೆಯೇ ನೋಡಿ. ರಾತ್ರಿ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳಿ. ಬಗ್ಗಲಾರದವರಿಗೆ ಮೊಮ್ಮಕ್ಕಳ ಕಣ್ಣು ಸಾಕು.

ಊಟದ ನಂತರದ ನಡಿಗೆ ನಿಮ್ಮ ಮೈಗೆ ಎಷ್ಟು ಒಗ್ಗುತ್ತದೆಂದು ಯಾರನ್ನೂ ನಂಬಬೇಕಿಲ್ಲ, ಮನೆಯ ಗ್ಲುಕೋಮೀಟರನ್ನೇ ಕೇಳಬಹುದು. ಎರಡು ದಿನ ಒಂದೇ ಊಟ ಮಾಡಿ, ಅದೇ ಅಳತೆಯ ಅನ್ನ, ಅದೇ ಸಾರು, ಅದೇ ಹೊತ್ತು, ಅದೇ ಮಾತ್ರೆ. ಒಂದು ದಿನ ಉಂಡು ಕೂತುಬಿಡಿ, ಇನ್ನೊಂದು ದಿನ ಉಂಡು ಹದಿನೈದು ಇಪ್ಪತ್ತು ನಿಮಿಷ ನಡೆಯಿರಿ. ಎರಡೂ ದಿನ ಊಟಕ್ಕೆ ಮೊದಲೊಮ್ಮೆ, ಮೊದಲ ತುತ್ತಿನಿಂದ ಒಂದೂವರೆ ಗಂಟೆಗೊಮ್ಮೆ ಬೆರಳು ಚುಚ್ಚಿ ಅಂಕಿ ಬರೆದಿಡಿ. ಒಂದು ಸಲದ ಅಂಕಿಯಲ್ಲಿ ಏರುಪೇರು ಸಹಜ, ಮಾರನೆಯ ವಾರ ಮತ್ತೊಮ್ಮೆ ಮಾಡಿ. ಆ ಚೀಟಿಯನ್ನು ಮುಂದಿನ ಸಲ ಡಾಕ್ಟರ ಮೇಜಿನ ಮೇಲಿಡಿ. ನಡಿಗೆಗೆ ತಕ್ಕಂತೆ ರಾತ್ರಿಯ ಮಾತ್ರೆಯನ್ನೋ ಇನ್ಸುಲಿನ್ನನ್ನೋ ಇಳಿಸಬೇಕಾಗಿ ಬಂದರೆ ಆ ನಿರ್ಧಾರ ಅವರದು, ನೀವಾಗಿ ಬಿಡಬೇಡಿ.